ಏಕಾದಶಿಯ ನಿದ್ದೆ

ಮುಳಬಾಗಿಲಿನ ಅರ್ಚಕ ನರಸಿಂಹನ ಹೆಂಡತಿ ಅನಂತಲಕ್ಷ್ಮಿ ಅಟ್ಟದ ಏಣಿಯ ಬುಡದಲ್ಲಿ ರಕ್ತದ ಮಡುವಿನಲ್ಲಿ ಬಿದ್ದಿದ್ದಳು. ಉಸಿರಿತ್ತು, ಎಚ್ಚರವಿರಲಿಲ್ಲ. ಕತ್ತಿನ ಮೇಲೆ ಬೆರಳಿನ ಗುರುತುಗಳಿದ್ದವು. ಹಿಂದಿನ ದಿನವಷ್ಟೇ ಮೈದುನ ರಾಘವೇಂದ್ರ ಮನೆ ಪಾಲಿನ ವಿಷಯಕ್ಕೆ ಅವಳೊಡನೆ ಕೂಗಾಡಿದ್ದ. ಸಬ್ ಇನ್ಸ್‌ಪೆಕ್ಟರ್ ಮುನಿಕೃಷ್ಣಪ್ಪ ಅವನನ್ನು ಲಾಕಪ್ಪಿಗೆ ತಳ್ಳಿ ನಿರಾಳವಾದರು. ಸುಲಭದ ದಾರಿ ಕಂಡರೆ ಪೊಲೀಸರಿಗೂ ಪ್ರಾಣವೇ.

*

ಕೋಲಾರದ ನರ್ಸಿಂಗ್ ಹೋಮಿನಲ್ಲಿ ಅನಂತಲಕ್ಷ್ಮಿಯ ತಲೆಗೆ ತಂತಿಗಳನ್ನು ಅಂಟಿಸಿದ್ದರು. ಅವಳು ಅಲುಗಾಡುತ್ತಿರಲಿಲ್ಲ. ಪಕ್ಕದಲ್ಲಿ ಮಿದುಳಿನ ಅಲೆಗಳನ್ನು ಬರೆಯುವ ಯಂತ್ರದ ಪೆನ್ನುಗಳು ಮಾತ್ರ ಕರಕರ ಎಂದು ಕಾಗದದ ಮೇಲೆ ಗೀಚುತ್ತಲೇ ಇದ್ದವು. ಮುನಿಕೃಷ್ಣಪ್ಪ ಬಗ್ಗಿ ಆ ಗೀಟುಗಳನ್ನು ನೋಡಿದರು.

"ಮಿದುಳು ಚೇತರಿಸ್ಕೊಳ್ಳೋದಿದ್ರೆ ನಿದ್ದೆ ಬೇರೆ, ಎಚ್ಚರ ಬೇರೆ ಅಂತ ಇಲ್ಲಿ ಕಾಣ್ಬೇಕು," ಎಂದರು ಡಾಕ್ಟರ್ ಶ್ಯಾಮಲಮ್ಮ. "ವಾರದಿಂದ ಕಾಣ್ಲಿಲ್ಲ. ಆಸೆ ಬಿಟ್ಟು ಮನೆಗೆ ಕಳಿಸೋಣ ಅಂತಿದ್ದೆ. ಶುಕ್ರವಾರ ಸಂಜೇದು ನೋಡಿ. ಸರಿಯಾದ ನಿದ್ದೆ. ಹೆಸರು ಹಿಡಿದು ಕರೆದ್ರೆ ಗೀಟು ಬದಲಾಗಿದೆ. ಒಳಗೆ ಇದಾರೆ, ಸಾರ್!"

"ಆಮೇಲೆ?"

"ಶನಿವಾರ ಮತ್ತೆ ಹಳೇ ಥರ. ನಿದ್ದೆ ಮಾತ್ರೆ ನುಂಗಿದವರ ಗೀಟು ಹಿಂಗಿರುತ್ತೆ. ನಾವಂತೂ ಕೊಟ್ಟಿಲ್ಲ."

"ಶುಕ್ರವಾರ ಏನು ವಿಶೇಷ?"

"ಮೂಗಿನ ನಳಿಗೆಗೆ ನಮ್ಮ ಹಾಲೇ ಹಾಕಿದ್ವಿ. ಮನೆಯಿಂದ ಗಂಜಿ ಬರ್ಲಿಲ್ಲ. ಏಕಾದಶಿ ಅಂತೆ."

*

ಮರುದಿನ ನರಸಿಂಹ ಎಂದಿನಂತೆ ಗಂಜಿ ತಂದ. ಮಡಿಯಲ್ಲಿ ತಾನೇ ಬೇಯಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದ. ಇಂಥ ಗಂಡ ಯಾರಿಗುಂಟು ಎಂದು ವಾರ್ಡಿನ ಹೆಂಗಸರೆಲ್ಲ ಹೊಗಳುತ್ತಿದ್ದರು.

"ಅಯ್ನೋರೇ, ಒಂದು ಲೋಟ ನೀವು ಕುಡೀರಿ," ಎಂದರು ಮುನಿಕೃಷ್ಣಪ್ಪ.

ನರಸಿಂಹ ಹಿಂದೆ ಸರಿದ.

"ನಿಮ್ ತಮ್ಮ ಲಾಕಪ್ಪಲ್ಲಿದ್ದ. ಅವನು ಇದ್ರಲ್ಲಿ ಮಾತ್ರೆ ಹಾಕೋಕಾಗಲ್ಲ. ಪಾತ್ರೇನ ಬೇರೆ ಯಾರೂ ಮುಟ್ಟೋಕೆ ನೀವು ಬಿಡಲ್ಲ. ಗಂಜಿ ಬರ್ದಿದ್ದ ದಿನ ಅಮ್ಮಾವ್ರಿಗೆ ಎಚ್ಚರ ಬರೋಕೆ ಶುರುವಾಯ್ತು. ಅವ್ರು ಎದ್ರೆ ಏನು ಹೇಳ್ಬಿಡ್ತಾರೆ ಅಂತ ಭಯ?"

ನರಸಿಂಹ ಗಂಜಿಯ ಪಾತ್ರೆ ಕೆಳಗಿಟ್ಟ. "ದೇವರ ಚಿನ್ನದ ಸರ ಮಾರ್ಕೊಂಡಿದ್ದೆ. ಅವಳಿಗೆ ಗೊತ್ತಾಯ್ತು. ಊರಿಗೆಲ್ಲ ಹೇಳ್ತೀನಿ ಅಂದ್ಳು. ಕತ್ತು ಹಿಡಿದು ತಳ್ಳಿದೆ."

"ಇಷ್ಟೆಲ್ಲಾ ಮಾಡಿದೋರು ಆವತ್ತೊಂದು ದಿನ ಯಾಕೆ ಬಿಟ್ರಿ?"

ನರಸಿಂಹ ನಿಜವಾಗಿಯೂ ಗಾಬರಿಯಾಗಿ ತಲೆ ಎತ್ತಿದ.

"ಏಕಾದಶಿ ದಿನ ಅನ್ನದ ಗಂಜಿ ಕೊಡೋದೇ? ಮಹಾಪಾಪ ಅಲ್ವೇ!"

*

ರಾಘವೇಂದ್ರನನ್ನು ಬಿಡುಗಡೆ ಮಾಡುವಾಗ ಅವನ ಮುಖ ನೋಡಲು ಮುನಿಕೃಷ್ಣಪ್ಪನವರಿಗೆ ನಾಚಿಕೆಯಾಯಿತು. ಕೆಲವು ದಿನಗಳ ನಂತರ ಅನಂತಲಕ್ಷ್ಮಿ ಕಣ್ಣು ತೆರೆದಳು. ನಿಧಾನವಾಗಿ ಮಾತೂ ಬಂತು. ಗಂಡ ಜೈಲಿನಲ್ಲಿರುವುದನ್ನು ಶ್ಯಾಮಲಮ್ಮ ಮೆಲ್ಲಗೆ ತಿಳಿಸಿದರು.

"ಇನ್ನೇನೂ ಭಯ ಇಲ್ಲಮ್ಮ. ಆರಾಮಾಗಿ ಮಲಗಿ."

ಅವಳು ಡಾಕ್ಟರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಿದ್ದೆ ಮಾತ್ರ ಬೇಡ, ಡಾಕ್ಟರಮ್ಮ."