ದಢ್ ಅನ್ನದ ಹಾಡು

"ನಿಲ್ಸಿ! ಮೊದಲು ಅದನ್ನ ನಿಲ್ಸಿ!"

ರಾಬರ್ಟ್‌ಸನ್‌ಪೇಟೆಯ ಆ ಪುಟ್ಟ ಅಂಗಡಿಯಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಗಿರಾಕಿಗಳಿಗೆ ಹೊಸ ಹೋಂ ಥಿಯೇಟರ್ ಹಾಕಿ ಕೇಳಿಸುತ್ತಿದ್ದ ಮುನಿರಾಜ್ ಗಾಬರಿಯಿಂದ ರಿಮೋಟ್ ಒತ್ತಿದ. ನೆಲ ನಡುಗಿಸುತ್ತಿದ್ದ ಸದ್ದು ತಟ್ಟನೆ ನಿಂತಿತು.

ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಹೆಗಲಿಗೆ ಬ್ಯಾಗು, ಸೆರಗಿನ ಮೇಲೆ ಸೀಮೆಸುಣ್ಣದ ಪುಡಿ. ಒಂದು ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

"ಯಾಕ್ ಮೇಡಂ? ಹಾಡು ಚೆನ್ನಾಗಿಲ್ವಾ?"

"ಹಾಡಲ್ಲ... ಆ ದಢ್ ದಢ್."

"ಅದು ವೂಫರ್ ಮೇಡಂ! ಜನ ಹೋಂ ಥಿಯೇಟರ್ ತಗೊಳ್ಳೋದೇ ಅದಕ್ಕೆ. ಅದಿಲ್ದಿದ್ರೆ ಸಾರಿಲ್ದಿರೋ ಮುದ್ದೆ ಅಷ್ಟೇ."

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮಾಲೀಕ ಸೆಲ್ವರಾಜ್ ಹೊಟ್ಟೆ ಕುಲುಕಿಸಿ ನಕ್ಕ. ಅವಳು ನಗಲಿಲ್ಲ.

"ನನಗೆ ಬರೀ ಮುದ್ದೆ ಸಾಕು. ಕೊಡ್ತೀರೋ, ಬೇರೆ ಅಂಗಡಿ ನೋಡ್ಲೋ?"

"ಡೇಯ್ ಮುನಿರಾಜ್, ಬಾಯಿ ಮುಚ್ಚು, ಕಸ್ಟಮರ್ ಅಪ್ಪಾ!" ಎಂದ ಸೆಲ್ವರಾಜ್. "ಬಾಮ್ಮಾ, ಕೂತ್ಕೋ. ಎಂಥಾ ರೂಮಿಗೆ ಬೇಕು?"

ಅವಳ ಹೆಸರು ಶ್ಯಾಮಲಾ. ಬಂಗಾರಪೇಟೆಯ ಒಂದು ಶಿಶುವಿಹಾರದಲ್ಲಿ ಟೀಚರ್. ಮನೆ ನಂದಿದುರ್ಗ ಚಿನ್ನದ ಗಣಿಯ ಲೈನಿನಲ್ಲಿ, ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ್ದ ಹಳೆಯ ಮನೆ. ಇರುವುದೇ ಒಂದು ಸಣ್ಣ ಕೋಣೆ, ಅಡುಗೆಗೆ ಒಂದು ಮೂಲೆ. ಆ ಕೋಣೆಯ ಮಂಚದ ಮೇಲೆ ಅವಳ ಅಮ್ಮ ಕದಿರಮ್ಮ.

ಅಮ್ಮನ ನೆನಪು ಸೀರೆಯ ನೂಲಿನ ಹಾಗೆ ಒಂದೊಂದಾಗಿ ಬಿಚ್ಚಿಹೋಗುತ್ತಿತ್ತು. ಮೊದಲು ಉಪ್ಪಿನ ಡಬ್ಬಿ ಎಲ್ಲಿದೆ ಅನ್ನೋದು ಹೋಯಿತು. ಆಮೇಲೆ ಅಕ್ಕಪಕ್ಕದವರ ಹೆಸರು. ಕೊನೆಗೆ ಮಾತೇ ಕಡಿಮೆಯಾಯಿತು.

ಆದರೆ ಒಂದು ಸಂಜೆ ಬೀದಿಯಲ್ಲಿ ನಿಂತ ಆಟೋದಿಂದ ಹಳೇ ಹಾಡೊಂದು ಕೇಳಿಬಂದಾಗ ಅಮ್ಮ ಜೊತೆಗೆ ಗುನುಗಿದಳು. ಗುನುಗುತ್ತಾ ಮಗಳ ಮುಖ ನೋಡಿದಳು. "ಶ್ಯಾಮೀ..." ಎಂದಳು!

ಎಷ್ಟು ಕಾಲವಾಗಿತ್ತು ಆ ಹೆಸರು ಕೇಳಿ! ಆಟೋ ಹೊರಟುಹೋಯಿತು. ಹೆಸರೂ ಹೊರಟುಹೋಯಿತು.

*ಇನ್ನೊಂದು ಸಲ... ಇನ್ನೊಂದೇ ಒಂದು ಸಲ ಅಮ್ಮ ನನ್ನ ಕರೆದರೆ ಸಾಕು.*

ಅದಕ್ಕೇ ಶ್ಯಾಮಲಾ ಈ ಅಂಗಡಿಯ ಮೆಟ್ಟಿಲು ಹತ್ತಿದ್ದು. ಮೊಬೈಲಿನ ಕೀರಲು ಸದ್ದು ಅಮ್ಮನ ಮಂದ ಕಿವಿಗೆ ತಲುಪುತ್ತಿರಲಿಲ್ಲ.

"ರೂಮು ಚಿಕ್ಕದು ಅಂತೀರ. ಸುತ್ತ ಐದು ಸ್ಪೀಕರ್ ಇಟ್ರೆ ನಿಮಗೆ ಕಾಲಿಡೋಕೆ ಜಾಗ ಇರಲ್ಲ," ಎಂದ ಮುನಿರಾಜ್, ಈಗ ಗಂಭೀರವಾಗಿ. "ಎರಡು ಸಣ್ಣ ಸ್ಪೀಕರ್ರು, ಮಧ್ಯೆ ಒಂದು ಆಂಪ್ಲಿಫೈಯರ್. ಮೊಬೈಲಿಂದ ಹಾಡು. ದನಿ ಸ್ಪಷ್ಟ ಕೇಳ್ತದೆ. ಆದ್ರೆ ವೂಫರ್ ಯಾಕ್ ಬೇಡ ಅಂತ..."

"ಬೇಡ ಅಂದ್ರೆ ಬೇಡ."

ಹೇಗೆ ಹೇಳುವುದು? ಅವಳು ಸೊಂಟದ ಕೂಸಾಗಿದ್ದಾಗ ಒಂದು ಮಧ್ಯಾಹ್ನ ಭೂಮಿಯೊಳಗಿಂದ ಅಂಥದ್ದೇ 'ದಢ್' ಕೇಳಿತ್ತು. ಗಣಿಯ ಆಳದಲ್ಲಿ ಬಂಡೆ ಸಿಡಿದಿತ್ತು. ಪಾಳಿಗೆ ಇಳಿದಿದ್ದ ಅಪ್ಪ ಜಯರಾಮಪ್ಪ ಮೇಲೆ ಬರಲೇ ಇಲ್ಲ. ಅಂದಿನಿಂದ ಅಮ್ಮ ದೀಪಾವಳಿಯಲ್ಲೂ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದಳು. ಅಂಗಡಿಯಲ್ಲಿ, ಮುದ್ದೆ ಸಾರಿನ ತಮಾಷೆ ಮಾಡುವವನ ಮುಂದೆ, ಆ ಕಥೆ ಬಿಚ್ಚಲು ಅವಳಿಗೆ ಮನಸ್ಸಾಗಲಿಲ್ಲ.

ಆ ಮೌನಕ್ಕೆ ಮುಂದೆ ಎಂಥ ಬೆಲೆ ತೆರಬೇಕಾಗುತ್ತದೆಂದು ಅವಳಿಗೇನು ಗೊತ್ತು...

*

ಭಾನುವಾರ ಮುನಿರಾಜ್ ಬಂದ. ಕ್ಯಾಸಂಬಳ್ಳಿಯ ಹುಡುಗ, ಬೈಕಿನ ಹಿಂದೆ ಪೆಟ್ಟಿಗೆಗಳ ಜೊತೆ ಊರಿನ ಅವರೆಕಾಯಿ ಚೀಲವೂ ಇತ್ತು.

"ಅಮ್ಮಂಗೆ," ಎಂದು ಅವಳ ಕೈಗಿತ್ತ. "ಅವತ್ತು ಸಾರಿಲ್ದಿರೋ ಮುದ್ದೆ ಅಂದೆನಲ್ಲ... ಸಾರಿಗೆ."

ತುಟಿಯಂಚಿಗೆ ಬಂದ ನಗುವನ್ನು ಶ್ಯಾಮಲಾ ಅವರೆಕಾಯಿ ಸುರಿಯುವ ನೆಪದಲ್ಲಿ ಅಡಗಿಸಿಕೊಂಡಳು.

ಅವನು ಆತುರಪಡಲಿಲ್ಲ. ಸ್ಪೀಕರ್‌ಗಳನ್ನು ಗೋಡೆಗೆ ಒತ್ತಿ ಇಟ್ಟ, ಸರಿಹೋಗಲಿಲ್ಲ. ಮೂಲೆಗಿಟ್ಟ, ಮೇಲಿನ ಶೀಟು ಗುಂಯ್ ಎಂದಿತು. ಕೊನೆಗೆ ತಾನೇ ಮಂಚದ ಪಕ್ಕ ನೆಲದಲ್ಲಿ ಕೂತು, ಕದಿರಮ್ಮನ ತಲೆಯ ಮಟ್ಟಕ್ಕೆ ತನ್ನ ತಲೆ ತಂದು ಕೇಳಿ ನೋಡಿದ.

"ಅಮ್ಮ ಎಲ್ಲಿ ಮಲಗ್ತಾರೋ ಅಲ್ಲಿಗೆ ಚೆನ್ನಾಗಿ ಕೇಳಿದ್ರೆ ಆಯ್ತು. ಮಿಕ್ಕಿದ್ದು ಗೋಡೆ ಕೇಳ್ಕೊಂಡು ಏನ್ ಮಾಡ್ಬೇಕು?"

ಎರಡು ಹಳೇ ಸ್ಟೂಲುಗಳ ಮೇಲೆ ಸ್ಪೀಕರ್ ಕೂತವು. ಹಾಡುಗಳ ನಡುವೆ ಧುತ್ತನೆ ಜಾಹೀರಾತು ಕಿರುಚಿದಾಗ ಅಮ್ಮ ಬೆಚ್ಚಿದ್ದನ್ನು ಕಂಡು, ಅವನೇ ಜಾಹೀರಾತಿಲ್ಲದ ಹಾಗೆ ಆ್ಯಪ್ ಸರಿಮಾಡಿದ. ಲೈನಿನಲ್ಲಿ ನೆಟ್‌ವರ್ಕ್ ಬಂದು ಹೋಗುತ್ತದೆಂದು ಹಾಡುಗಳನ್ನು ಮೊಬೈಲಿಗೇ ಇಳಿಸಿಕೊಟ್ಟ.

ಮೊದಲ ಹಾಡು ತೇಲಿಬಂತು. ಕದಿರಮ್ಮನ ತುಟಿ ಅಲುಗಿತು. ಗುನುಗಿದಳು!

ಶ್ಯಾಮಲಾ ಅಮ್ಮನ ಮುಖದ ಹತ್ತಿರ ಬಾಗಿದಳು. *ಈಗ ಕರೀತಾಳೆ... ಈಗ...*

ಹಾಡು ಮುಗಿಯಿತು. ಅಮ್ಮ ಕಣ್ಣು ಮುಚ್ಚಿದಳು. ಅಷ್ಟೇ.

ಆಮೇಲೆ ಪ್ರತಿ ಭಾನುವಾರ ವೈರು ಸಡಿಲ, ಆ್ಯಪ್ ಅಪ್‌ಡೇಟು ಎಂದು ಏನಾದರೊಂದು ಕೆಲಸ ಅವನಿಗೆ ಸಿಕ್ಕೇ ಸಿಗುತ್ತಿತ್ತು.

"ಏನೇ ಶ್ಯಾಮಲಾ, ಆ ಯಂತ್ರ ಅಷ್ಟೊಂದು ಕೆಡ್ತದಾ? ವಾಪಸ್ ಕೊಟ್ಬಿಡು ಮತ್ತೆ," ಎಂದು ಪಕ್ಕದ ಮನೆಯ ವೆಂಕಟರತ್ನಮ್ಮ ಕಣ್ಣು ಮಿಟುಕಿಸಿದಳು. ಶ್ಯಾಮಲಾ ಕೆಲಸಕ್ಕೆ ಹೋದಾಗ ಕದಿರಮ್ಮನನ್ನು ನೋಡಿಕೊಳ್ಳುತ್ತಿದ್ದವಳು ಅವಳೇ.

ಒಂದು ಭಾನುವಾರ ಶ್ಯಾಮಲಾ ಮುನಿರಾಜ್‌ಗೆ ಆ ಆಟೋದ ಸಂಜೆಯ ಕಥೆ ಹೇಳಿದಳು. "ಒಂದ್ಸಲ ಶ್ಯಾಮಿ ಅಂದ್ರೆ ಸಾಕು ನಂಗೆ. ಇನ್ನೇನೂ ಆಸೆ ಇಲ್ಲ."

"ಇನ್ನೇನೂ ಇಲ್ವಾ?" ಅವನ ದನಿ ಮೆತ್ತಗಾಗಿತ್ತು.

ಅವಳು ಅಮ್ಮನ ಹೊದಿಕೆ ಸರಿಮಾಡಿದಳು. ಹೆಣ್ಣು ನೋಡಲು ಬಂದ ಗಂಡುಗಳೆಲ್ಲ ಅಮ್ಮನನ್ನು ನೋಡಿ ಕಾಫಿ ಲೋಟ ಕೆಳಗಿಟ್ಟು ಎದ್ದುಹೋಗಿದ್ದರು. ಆಸೆ ಎಂಬ ಮಾತೇ ಅವಳಿಗೆ ಹೆದರಿಕೆ.

ಆದರೆ 'ಒಂದ್ಸಲ ಶ್ಯಾಮಿ ಅಂದ್ರೆ ಸಾಕು' ಎಂಬ ಮಾತು ಮುನಿರಾಜ್‌ನ ಎದೆಯಲ್ಲಿ ಮುಳ್ಳಾಗಿ ನಿಂತಿತು. *ಸ್ಪೀಕರ್ ಚಿಕ್ಕವು. ಹಾಡು ತೆಳ್ಳಗಾಯ್ತು. ಎದೆಗೆ ತಟ್ಟಿದ್ರೆ ಅಮ್ಮ ಕರೀತಿದ್ರೇನೋ...* ವೂಫರ್ ಬೇಡವೆಂದಿದ್ದು ಅಕ್ಕಪಕ್ಕದವರು ಬೈತಾರೆ ಅಂತಿರಬೇಕು, ಗೋಡೆ ಒಂದೇ ತಾನೆ ಎಂದುಕೊಂಡ. ವೆಂಕಟರತ್ನಮ್ಮನನ್ನು ಕೇಳಿದ. ಅದೇನೆಂದೇ ತಿಳಿಯದ ಆಕೆ, "ಹಾಡಿಗೆ ತಾನೆ? ಹಾಕ್ಕೊಳಪ್ಪ," ಎಂದಳು.

ಶ್ಯಾಮಲಾಗೆ ಹೇಳಲಿಲ್ಲ. ಅಚ್ಚರಿಪಡಿಸಬೇಕಲ್ಲ!

*

ಅವತ್ತು ಬಂಗಾರಪೇಟೆಯಿಂದ ಬಂದು ಆಟೋ ಇಳಿದ ಶ್ಯಾಮಲಾಗೆ ಕಾಲು ನೆಲಕ್ಕೆ ಅಂಟಿಹೋಯಿತು.

ಲೈನಿನ ಬೀದಿಯ ತುಂಬ ಮುದುಕಿಯರು ನಿಂತಿದ್ದರು. ಕೈಗೆ ಹಿಟ್ಟು ಮೆತ್ತಿಕೊಂಡವಳು, ಅರ್ಧ ಜಡೆ ಹಾಕಿಕೊಂಡವಳು, ಬರಿಗಾಲಲ್ಲಿ ಓಡಿಬಂದವಳು... ಎಲ್ಲರ ಮುಖ ಒಂದೇ ಕಡೆ. ಎಂದೋ ಮುಚ್ಚಿಹೋದ ಗಣಿಯ ತುಕ್ಕು ಹಿಡಿದ ಕಬ್ಬಿಣದ ಗೋಪುರದ ಕಡೆ.

ಎಲ್ಲರಿಗಿಂತ ಮುಂದೆ ಅಮ್ಮ. ಸೆರಗು ನೆಲದಲ್ಲಿ ಎಳೆಯುತ್ತಿತ್ತು.

"ಇನ್ನೂ ಮೇಲೆ ಬರ್ಲಿಲ್ವಾ? ಯಾರೂ ಬರ್ಲಿಲ್ವಾ?"

ಮನೆಯ ಬಾಗಿಲಲ್ಲಿ ಮುನಿರಾಜ್, ಕೈಯಲ್ಲಿ ಕಿತ್ತ ವೈರು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಗಂಡಸ್ರು ಯಾರೂ ಕೆಳಗಿಲ್ಲ ಅಂತ ಗೊತ್ತು ಕಣೇ," ವೆಂಕಟರತ್ನಮ್ಮ ಗದ್ಗದಿತಳಾದಳು. "ಆದ್ರೂ ಆ ಸದ್ದು ಕೇಳ್ದೇಟ್ಗೆ ಕಾಲು ತಾನಾಗೇ ಓಡಿಬಂತು..."

ಶ್ಯಾಮಲಾ ಕೋಣೆಗೆ ನುಗ್ಗಿದಳು. ಮಂಚದ ಕಾಲ ಬಳಿ ಒಂದು ಕಪ್ಪು ಪೆಟ್ಟಿಗೆ, ವೂಫರ್.

"ಬೇಡ ಅಂದಿದ್ದೆ ಅಲ್ವಾ ನಾನು? ಮೊದಲನೇ ದಿನವೇ ಬೇಡ ಅಂದಿದ್ದೆ!"

"ಅಮ್ಮ ನಿಮ್ಮ ಹೆಸ್ರು ಕರೀಲಿ ಅಂತ..."

"ನಮ್ಮಪ್ಪ ಸತ್ತಿದ್ದು ಆ ಸದ್ದಿನಲ್ಲಿ ಮುನಿರಾಜ್!"

ಅವನು ಗೋಡೆ ಹಿಡಿದುಕೊಂಡ. "ಒಂದು ಮಾತು ಹೇಳ್ಬೋದಿತ್ತಲ್ಲ..." ಎಂದ.

ಹೌದು, ಹೇಳಬಹುದಿತ್ತು. ಅದೇ ಅವಳನ್ನು ಇನ್ನಷ್ಟು ಸುಟ್ಟಿತು.

"ತಗೊಂಡು ಹೋಗಿ. ನೀವೂ ಇನ್ನು ಇಲ್ಲಿಗೆ ಬರ್ಬೇಡಿ!"

ಅವನು ಪೆಟ್ಟಿಗೆಯನ್ನು ಕೂಸಿನಂತೆ ಎತ್ತಿಕೊಂಡು ತಲೆ ತಗ್ಗಿಸಿ ಹೋದ.

*

ಅಮ್ಮ ಮತ್ತೆ ತಾನಾಗಿ ಮಂಚಕ್ಕೆ ಬರಲಿಲ್ಲ.

ಬೆಳಗಾದರೆ ಹೊಸ್ತಿಲ ಮೇಲೆ ಕೂರುವಳು. ಕತ್ತಲಾದರೆ ಎತ್ತಿಕೊಂಡೇ ಒಳಗೆ ತರಬೇಕು. ತುತ್ತು ಬಾಯಿಯ ಹತ್ತಿರ ಒಯ್ದರೆ ಮುಖ ತಿರುಗಿಸುವಳು. "ಅವರು ಮೇಲೆ ಬರ್ಲಿ."

ಮೆತ್ತಗೆ ಹಾಡು ಹಾಕಿ ನೋಡಿದಳು ಶ್ಯಾಮಲಾ. ಅಮ್ಮ ಗುನುಗಲಿಲ್ಲ. ಅಂದೇ ಸ್ಪೀಕರ್‌ಗಳಿಗೆ ಹಳೇ ಸೀರೆ ಮುಚ್ಚಿದಳು.

"ಇದು ಇಳಿಯೋ ಕಾಯಿಲೆ, ಹತ್ತೋದಲ್ಲ," ಎಂದರು ಡಾಕ್ಟರು. "ಇರೋವಷ್ಟು ದಿನ ನೋಡ್ಕೊಳ್ಳಿ."

ಮುನಿರಾಜ್‌ನ ಸುಳಿವಿಲ್ಲ. *ಬರ್ಬೇಡ ಅಂದಿದ್ದು ನಾನೇ. ಆದರೂ... ಅವನೂ ಕಾಫಿ ಲೋಟ ಕೆಳಗಿಟ್ಟು ಎದ್ದುಹೋದವರ ಥರಾನೇ ತಾನೆ?* ಪಾತ್ರೆ ತೊಳೆಯುತ್ತಾ ಅಳುವುದು ಅವಳಿಗೆ ಅಭ್ಯಾಸವಾಯಿತು. ನಲ್ಲಿ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ.

ಒಂದು ದಿನ ಶಿಶುವಿಹಾರ ಮಧ್ಯಾಹ್ನವೇ ಬಿಟ್ಟಿತು. ಲೈನಿನ ತಿರುವಿನಲ್ಲಿ ಬಂದ ಶ್ಯಾಮಲಾ ತಟ್ಟನೆ ನಿಂತಳು.

ಹೊಸ್ತಿಲ ಮೇಲೆ ಅಮ್ಮ. ಅವಳ ಪಕ್ಕ ಮೆಟ್ಟಿಲ ಮೇಲೆ... ಮುನಿರಾಜ್! ನಡುವೆ ಬಿಚ್ಚಿಟ್ಟ ಊಟದ ಡಬ್ಬಿ.

"ಶ್!" ವೆಂಕಟರತ್ನಮ್ಮ ಅವಳ ಕೈ ಹಿಡಿದು ಗೋಡೆಯ ಮರೆಗೆ ಎಳೆದಳು. "ದಿನಾ ಬತ್ತಾನೆ. ನೀನು ಬರ್ಬೇಡ ಅಂದೆಯಂತೆ, ಅದಕ್ಕೆ ನೀನಿಲ್ಲದ ಹೊತ್ತಲ್ಲಿ ಬತ್ತಾನೆ. ನಿಂಗೆ ಹೇಳ್ಬೇಡಿ ಅಂತ ಕೈ ಮುಗಿದ. ನಿಮ್ಮಮ್ಮ ಇಷ್ಟು ದಿನ ಯಾರ ಕೈಲಿ ತಿಂದು ಬದುಕಿದ್ದಾಳೆ ಅಂದ್ಕೊಂಡೆ?"

ಅಮ್ಮನ ದನಿ ಸಣ್ಣಗೆ ಕೇಳಿತು. "ನಿಮ್ಮೋರೂ ಕೆಳಗವ್ರಾ ಕಣಪ್ಪ?"

"ಊಂ ಅಮ್ಮ."

"ಏನೆಸ್ರು?"

"ಶ್ಯಾಮಲಾ."

ಶ್ಯಾಮಲಾ ಗೋಡೆಯ ಮರೆಯಿಂದ ಇಣುಕಿದಳು. ಅಮ್ಮ ಹುಬ್ಬು ಗಂಟಿಕ್ಕಿ ಯೋಚಿಸಿದಳು. *ಅಮ್ಮಾ... ಅದು ನಾನಮ್ಮಾ...*

"ಹೆಣ್ಮಕ್ಕಳನ್ನ ಗಣಿಗೆ ಇಳಿಸಲ್ವಲ್ಲಪ್ಪ?"

"ಯಾರೂ ಇಳಿಸ್ಲಿಲ್ಲಮ್ಮ. ತಾನೇ ಇಳಿದುಬಿಟ್ಟವ್ಳೆ. ನಾನು ಮಾಡಿದ ತಪ್ಪಿಗೆ." ಅವನ ದನಿ ಒಡೆಯಿತು. "ಅವಳಂದ್ರೆ ನಂಗೆ ಪ್ರಾಣ ಅಮ್ಮ. ಅವಳು ಮೇಲೆ ಬರೋವರ್ಗೂ ಕಾಯ್ತೀನಿ."

ಅಮ್ಮ ಅವನ ತಲೆ ಸವರಿದಳು. "ಬತ್ತಾಳೆ ಬಿಡು. ಒಳ್ಳೆ ಹೆಸ್ರು. ಯಾರ ಮಗಳೋ, ಪಾಪ... ತಿನ್ನು, ಕಾಯೋಕೆ ಶಕ್ತಿ ಬೇಕು." ಅವನಿಗೊಂದು ತುತ್ತು ಕೊಟ್ಟು ತಾನೂ ಒಂದು ತುತ್ತು ತಿಂದಳು.

*ಯಾರ ಮಗಳೋ.*

ಶ್ಯಾಮಲಾಳ ಒಳಗೆ ಕಡೆಯ ದೀಪವೂ ಆರಿತು. ಅಮ್ಮ ಇನ್ನೆಂದೂ ಅವಳನ್ನು ಕರೆಯುವುದಿಲ್ಲ. ಯಾವ ಸ್ಪೀಕರ್ ಹಾಡಿದರೂ ಕರೆಯುವುದಿಲ್ಲ. ಕಾಲುಗಳು ತಾವಾಗಿಯೇ ಅವಳನ್ನು ಮೆಟ್ಟಿಲವರೆಗೆ ತಂದವು.

ಅವಳನ್ನು ಕಂಡ ಮುನಿರಾಜ್ ಧಡಕ್ಕನೆ ಎದ್ದ. "ಓಗ್ತೀನಿ... ಈಗಲೇ ಓಗ್ತೀನಿ."

"ಕೂತ್ಕೊಳ್ಳಿ. ಅಮ್ಮ ಊಟ ಮಾಡ್ತಿದ್ದಾಳೆ."

ಅವನು ಕೂತ. ಅವಳೂ ಅಮ್ಮನ ಇನ್ನೊಂದು ಪಕ್ಕದಲ್ಲಿ ಕೂತಳು.

"ಅಮ್ಮ ವಾಸಿ ಆಗಲ್ಲ ಮುನಿರಾಜ್. ದಿನಾ ದಿನಾ ಇನ್ನೂ ಇಳೀತಾಳೆ. ಈ ಮನೆಯಲ್ಲಿ ನಿಮಗೆ ಸುಖ ಅನ್ನೋದು ಸಿಗಲ್ಲ."

"ವಾಸಿ ಆಗ್ತಾರೆ ಅಂತ ನಾನು ಬರ್ತಿರ್ಲಿಲ್ಲ. ಒಬ್ರೇ ಕಾಯ್ಬಾರ್ದು ಅಂತ ಬಂದೆ."

ಅಮ್ಮನ ಊಟ ಮುಗಿಯಿತು. ಆಮೇಲೆ ಅವನು ತಡವರಿಸುತ್ತಾ ಕೇಳಿದ, "ಆ ಸ್ಪೀಕರ್‌ಗಳನ್ನ... ಬಾಗಿಲ ಹತ್ರ ತರ್ಲಾ? ಅಮ್ಮ ಈಗ ಇಲ್ಲಿ ತಾನೆ ಕೂರೋದು. ನೀವು ಹೂಂ ಅಂದ್ರೆ ಮಾತ್ರ."

ಅವಳು ತಲೆಯಾಡಿಸಿದಳು. ಅವನು ಸ್ಟೂಲುಗಳನ್ನು ಹೊಸ್ತಿಲ ಒಳಬದಿಗೆ ತಂದ. ಅವಳೇ ಸೀರೆ ತೆಗೆದಳು, ಅವಳೇ ಹಾಡು ಹಾಕಿದಳು. ಸದ್ದು ಅಮ್ಮನ ಕಿವಿ ದಾಟಿ ಬೀದಿಗೆ ಹೋಗದಷ್ಟು ಮೆತ್ತಗೆ.

ಅಮ್ಮ ಗುನುಗಲಿಲ್ಲ. ಗೋಪುರದಿಂದ ಕಣ್ಣು ಕೀಳಲಿಲ್ಲ. ಕಾಲಿನ ಹೆಬ್ಬೆರಳು ಮಾತ್ರ ತಾಳಕ್ಕೆ ಸಣ್ಣಗೆ ಅಲುಗಿತು.

ಇಷ್ಟೇ. ಇನ್ನು ಇಷ್ಟೇ ಉಳಿದಿರುವುದು.

"ಈ ಲೋಕದಲ್ಲಿ ನನ್ನ ಶ್ಯಾಮಿ ಅಂತ ಕರೆಯೋರು ಇನ್ಯಾರೂ ಇಲ್ಲ," ಎಂದಳು ಶ್ಯಾಮಲಾ. ಕಣ್ಣೀರು ಒರೆಸಿಕೊಳ್ಳಲಿಲ್ಲ.

ಅಮ್ಮನ ಬೆನ್ನ ಹಿಂದಿನಿಂದ ಅವನ ಕೈ ಮೆಲ್ಲನೆ ಬಂದು ಅವಳ ಕೈಯ ಹತ್ತಿರ ನಿಂತಿತು. ಮುಟ್ಟಲಿಲ್ಲ.

"ನಾನು ಕರೀಬೋದಾ? ಬೇಡ ಅಂದ್ರೆ ಕರಿಯಲ್ಲ. ಈ ಸಲ ಕೇಳ್ದೆ ಏನೂ ಮಾಡಲ್ಲ."

ಅವಳು ಆ ಕೈಯನ್ನು ಹಿಡಿದುಕೊಂಡಳು.

"ಮೆತ್ತಗೆ ಕರೀಬೇಕು..."

"ಶ್ಯಾಮೀ..."

ಬಹಳ ಆಳದಿಂದ, ಕತ್ತಲಿನಿಂದ ಮೇಲೆದ್ದವಳ ಹಾಗೆ ಅವಳು ಉಸಿರೆಳೆದುಕೊಂಡಳು.

"ಬಂದೆ."