ದಾಳಿಂಬೆ ಬಣ್ಣದ ತಪ್ಪು

ಕೊಲ್ಹಾಪುರದ ಮಹಾದ್ವಾರ ರಸ್ತೆಯಿಂದ ಒಳಕ್ಕೆ ಹೊರಳುವ ಆ ಸಣ್ಣ ಗಲ್ಲಿಯಲ್ಲಿ ಈಗ ಬರೀ ಮೊಬೈಲ್ ಅಂಗಡಿಗಳು. ಆಗ ಹಾಗಿರಲಿಲ್ಲ. ಈ ಕಡೆ ಕಾರೇಕರ ಕಾಕಾನ ಸೀರೆ ಅಂಗಡಿ, ಎದುರಿಗೆ ಪರಾಗ ಚೌಗುಲೆಯ ಫೋಟೊ ಮಗ್ ಅಂಗಡಿ, ನಡುವೆ ಎರಡು ಸೈಕಲ್ ಹೋಗುವಷ್ಟು ಜಾಗ. ಅಷ್ಟು ಜಾಗ ದಾಟಿ ಮನಸ್ಸಿನ ಮಾತು ಆಡಲು ವರ್ಷ ಹಿಡಿಯಿತು ಎಂದರೆ ಇಂದಿನ ಹುಡುಗಿಯರು ನಗುತ್ತಾರೆ. ನಗಲಿ ಬಿಡಿ. ಆಗಿನ ಪ್ರೀತಿಗೆ ಅವಸರವಿರಲಿಲ್ಲ.

ಹೇಮಾಂಗಿ ಮೊದಲ ಸಲ ಗಲ್ಲಿ ದಾಟಿದ್ದು ಜಗಳಕ್ಕೆ. ಕಾಕಾನ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವಳು ಅವಳೇ. ಮದುವೆಗೆ ಸೀರೆ ಕೊಂಡವರಿಗೆ ಕಾಕಾ ಒಂದು ಮಗ್ ಉಡುಗೊರೆ ಕೊಡುತ್ತಿದ್ದರು, ಅದರ ಮೇಲೆ ಅದೇ ಸೀರೆ ಉಟ್ಟ ಮದುಮಗಳ ಫೋಟೊ. ಅಂದು ಬಂದ ಮಗ್‌ನಲ್ಲಿ ದಾಳಿಂಬೆ ಕೆಂಪಿನ ಸೀರೆ ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮದುಮಗಳ ತಾಯಿ ಅಂಗಡಿಯಲ್ಲೇ ರಂಪ ಮಾಡಿ ಹೋಗಿದ್ದಳು.

"ಇದು ದಾಳಿಂಬೆ ಏನ್ರೀ? ಕಣ್ಣು ಮುಚ್ಚಿಕೊಂಡು ಪ್ರಿಂಟ್ ಮಾಡ್ತೀರೇನು?"

ಪರಾಗ ಮಗ್ ತಿರುಗಿಸಿ ತಿರುಗಿಸಿ ನೋಡಿದ. ಹೊಸ ಶಾಯಿ ಬಂದಿದೆ, ಹಳೇ ಲೆಕ್ಕ ಕೈಕೊಟ್ಟಿದೆ ಎಂದು ಮೆಲ್ಲಗೆ ಹೇಳಿದ. ಕಂಪ್ಯೂಟರ್ ಪರದೆ ಒಂದು ಬಣ್ಣ ತೋರಿಸುತ್ತದೆ. ಕಾಗದದ ಮೇಲೆ ಅದು ಮಂಕಾಗಿ ಇನ್ನೊಂದಾಗುತ್ತದೆ. ಆ ಕಾಗದವನ್ನು ಮಗ್‌ಗೆ ಸುತ್ತಿ ಮೆಷಿನ್ನಿನಲ್ಲಿ ಕಾಯಿಸಿದಾಗ ಅರಳುವುದು ಮೂರನೆಯದು. ಮೊದಲೆರಡನ್ನು ನಂಬಿದವನು ಕೆಟ್ಟ ಹಾಗೆಯೇ. ಅದಕ್ಕೇ ಅವನು ಕೆಂಪಿನ ಛಾಯೆಗಳನ್ನೆಲ್ಲ ಸಣ್ಣ ಸಣ್ಣ ಚೌಕ ಮಾಡಿ, ಚೌಕಕ್ಕೊಂದು ನಂಬರ್ ಹಾಕಿ, ಒಂದು ಮಗ್ ಮೇಲೆ ಅಚ್ಚೊತ್ತಿ ಅವಳ ಮುಂದಿಟ್ಟ. ಸೀರೆಯ ತುಂಡು ಯಾವ ಚೌಕಕ್ಕೆ ಹೊಂದುತ್ತದೋ ಹೇಳಬೇಕೆಂದ.

ನಿಮ್ಮ ಅಂಗಡಿ, ನೀವೇ ನೋಡಿ ಎಂದಳು ಅವಳು.

"ಸೀರಿ ನಿಮ್ಮದು ಅಲ್ಲೇನ್ರೀ. ನಿಮ್ಮ ಕಣ್ಣು ಹೇಳಿದ್ದೇ ಖರೆ."

ಅವಳ ಕಣ್ಣಿಗೆ ಅಲ್ಲಿಯವರೆಗೆ ಯಾರೂ ಇಷ್ಟು ಬೆಲೆ ಕೊಟ್ಟಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ ಏನೋ, ಬಗ್ಗಿ ಒಂದು ಚೌಕ ತೋರಿಸಿದಳು. ಮರುದಿನದ ಮಗ್ ಮೇಲೆ ಅಪ್ಪಟ ದಾಳಿಂಬೆ ನಗುತ್ತಿತ್ತು.

ಅಲ್ಲಿಂದ ಅದೇ ರೂಢಿಯಾಯಿತು. ಹೊಸ ಸೀರೆ ಬಂದಾಗಲೆಲ್ಲ ಹೇಮಾಂಗಿ ತುಂಡು ಹಿಡಿದು ಗಲ್ಲಿ ದಾಟುವಳು. ಕನಕಾಂಬರ, ಗಿಳಿಹಸಿರು, ಬದನೆ, ನವಿಲುಗರಿ. ಪರಾಗ ಕೆಟ್ಟುಹೋದ ಮಗ್‌ಗಳಲ್ಲೇ ಚಹಾ ಕೊಡುವನು. ಒಂದರಲ್ಲಿ ಮದುಮಗನ ಮುಖ ಹಸಿರು, ಇನ್ನೊಂದರಲ್ಲಿ ಅತ್ತೆಯ ಕೂದಲು ನೇರಳೆ. ಈ ಮದುಮಗನಿಗೆ ಮದುವೆ ಊಟ ಜೀರ್ಣವಾಗಿಲ್ಲ ಎಂದು ಅವಳು ನಗುವಳು. ಅವನೂ ನಗುವನು, ಒಂದು ಗಳಿಗೆ ತಡವಾಗಿ.

ಅವಳು ಚೌಕಗಳನ್ನು ನೋಡುವಾಗ ಅವನು ಮಗ್ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಅವಳಿಗೆ ಗೊತ್ತಿತ್ತು. ಹೊಂದುವ ಬಣ್ಣ ಸಿಕ್ಕ ಕೂಡಲೇ ತನ್ನ ಎಡಹುಬ್ಬು ತುಸು ಮೇಲೇರುತ್ತದೆ ಎಂದೂ, ಅದನ್ನು ಕಂಡೇ ಅವನು ಚೌಕದ ನಂಬರ್ ಬರೆದುಕೊಳ್ಳಲು ಪೆನ್ನಿಗೆ ಕೈ ಹಾಕುತ್ತಾನೆ ಎಂದೂ ಗೊತ್ತಾಗಿತ್ತು. ಆಮೇಲಾಮೇಲೆ ಹುಬ್ಬನ್ನು ಬಿಗಿಹಿಡಿದು, ಸಿಕ್ಕ ಬಣ್ಣ ಸಿಗದವಳ ಹಾಗೆ ಚಹಾ ಆರುವ ತನಕ ಕೂತಿರುತ್ತಿದ್ದಳು. ಎಂಥ ಸುಖದ ದಿನಗಳು ಅವು.

ಒಂದೇ ಕೊರಗು. ಎಷ್ಟು ಸೀರೆ ಉಟ್ಟು ಹೋದರೂ ಈ ಮಹಾರಾಯ ಚೆಂದ ಎನ್ನುತ್ತಿರಲಿಲ್ಲ. ಬಣ್ಣದ ವ್ಯಾಪಾರದವನು, ಬಾಯಲ್ಲಿ ಬಣ್ಣದ ಮಾತೇ ಇಲ್ಲ. ಅಷ್ಟರಲ್ಲಿ ಮಿರಜದಿಂದ ಅವಳಿಗೊಂದು ಸಂಬಂಧ ಬಂತು. ಪಾಡವಾ, ಅಂದರೆ ಯುಗಾದಿ ಹಬ್ಬದ ದಿನ ಕೇಳಿಯೇ ಬಿಡುವುದೆಂದು ಗಟ್ಟಿ ಮನಸ್ಸು ಮಾಡಿ, ಕಡುಹಸಿರು ಪೈಠಣಿ ಸೀರೆ ಉಟ್ಟು, ಡಬ್ಬಿಯಲ್ಲಿ ಶ್ರೀಖಂಡ ಹಿಡಿದು ಹೋದಳು. ಹೇಗಿದೆ ಎಂದು ಕೇಳಿದಳು.

ಪರಾಗ ಅವಳನ್ನು ಅಡಿಯಿಂದ ಮುಡಿಯವರೆಗೆ ಕಣ್ತುಂಬ ನೋಡಿದ.

"ಈ ದಾಳಿಂಬೆ ಬಣ್ಣ ನಿಮಗ ಭಾಳ ಒಪ್ಪೇದ."

ಮೈಮೇಲಿರುವುದು ಹಸಿರು, ಹೊಗಳಿಕೆ ದಾಳಿಂಬೆಗೆ! ಮೂಲೆಯ ಝೆರಾಕ್ಸ್ ಅಂಗಡಿಯ ಹುಡುಗಿ ಅಂದು ದಾಳಿಂಬೆ ಸೀರೆ ಉಟ್ಟಿದ್ದಳು, ಬೆಳಿಗ್ಗೆ ಇವನ ಅಂಗಡಿಯ ಮುಂದೆ ನಿಂತು ಮಾತಾಡಿಯೂ ಹೋಗಿದ್ದಳು. ಕಣ್ಣು ನನ್ನ ಮೇಲೆ, ಮನಸ್ಸು ಅವಳ ಮೇಲೆ ಎಂದುಕೊಂಡಳು ಹೇಮಾಂಗಿ. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ಹೊರಟುಬಂದಳು. ಮತ್ತೆ ಗಲ್ಲಿ ದಾಟಲಿಲ್ಲ. ಮಿರಜದವರು ಬಂದು ನೋಡಿ ಒಪ್ಪಿಹೋದರು, ಇವಳ ಒಂದು ಹೂಂ ಮಾತ್ರ ಬಾಕಿ ಉಳಿಯಿತು.

ಕಾಕಾಗೆ ಹಿಗ್ಗು. ಪಾಡವಾ ದಿನ ಆ ಪೈಠಣಿಯಲ್ಲಿ ತೆಗೆಸಿದ್ದ ಅವಳ ಫೋಟೊ ತಾವೇ ಒಯ್ದು ಪರಾಗನಿಗೆ ಕೊಟ್ಟರು. ನಮ್ಮ ಹುಡುಗಿಯದು ಗಟ್ಟಿಯಾಗುತ್ತಿದೆ, ಅಂಗಡಿ ಕಡೆಯಿಂದ ಚೆಂದದ ಮಗ್ ಮಾಡು, ಆ ಹಸಿರು ಸೀರೆ ಹಸಿರಾಗಿಯೇ ಬರಲಿ ಎಂದು ಹೇಳಿ ಬಂದರು.

ಮಧ್ಯಾಹ್ನ ಅಂಗಡಿ ತುಂಬ ಗಿರಾಕಿಗಳಿರುವಾಗ ಪರಾಗ ಆ ಫೋಟೊ ಹಿಡಿದು ಒಳಗೆ ಬಂದ. ಹೇಮಾಂಗಿ ತಲೆ ಎತ್ತದೆ ಸೀರೆ ಮಡಚುತ್ತಿದ್ದಳು. ಈ ಮಗ್ ನನ್ನಿಂದಾಗದು ಎಂದ ಅವನು. ಯಾಕೋ ಎಂದರು ಕಾಕಾ.

"ಇದು ಹಸಿರು ಅಂತ ನೀವು ಹೇಳಿದ ಮ್ಯಾಲೇ ನನಗ ಗೊತ್ತಾತು, ಕಾಕಾ. ನನಗ ಕೆಂಪು ಹಸಿರು ಒಂದೇ ಥರ ಕಾಣ್ತಾವ. ಹುಟ್ಟಿದಾಗಿಂದ."

ತನ್ನ ತಂಗಿ ಮನೆಯಲ್ಲಿರುವವರೆಗೆ ಅವಳೇ ಬಣ್ಣ ಆರಿಸುತ್ತಿದ್ದಳು, ಅವಳು ಲಗ್ನವಾಗಿ ಹೋದಮೇಲೆ ಹೇಮಾಂಗಿಯ ಹುಬ್ಬೇ ತನಗೆ ದಾರಿ ತೋರಿಸಿದ್ದು ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಬಣ್ಣ ಕಾಣದವನ ಕೈಗೆ ಮದುವೆಯ ಫೋಟೊ ಯಾರು ಕೊಡುತ್ತಾರೆ? ಕಾಕಾನ ಆರ್ಡರ್ ನಿಂತರೆ ಅವನ ಅಂಗಡಿಗೆ ಬೀಗವೇ. ಅದು ಗೊತ್ತಿದ್ದೂ ಅಷ್ಟು ಜನರ ಮುಂದೆ ಆಡಿಬಿಟ್ಟಿದ್ದ.

ಹೇಮಾಂಗಿ ಸೀರೆ ಬದಿಗಿಟ್ಟು ತಲೆ ಎತ್ತಿದಳು.

"ಮತ್ತ ದಾಳಿಂಬೆ ಅಂತ ಯಾಕ ಅಂದ್ರಿ?"

"ಹಬ್ಬಕ್ಕ ದಾಳಿಂಬೆ ಸೀರಿ ತಗೋತೀನಿ ಅಂತ ನೀವೇ ಅಂದಿದ್ರಿ. ಅದೇ ಅಂತ ತಿಳಿದೆ."

"ಅಂದ್ರ ಒಪ್ಪೇದ ಅಂದದ್ದೂ ಸುಳ್ಳೇ."

"ಅದು ಸುಳ್ಳಲ್ರೀ. ಬಣ್ಣ ಒಂದು ಬಿಟ್ಟು ನನಗ ಎಲ್ಲಾ ಕಾಣ್ತದ. ನೀವು ಕಾಣ್ತೀರಿ. ನೀವು ಬರದ ದಿನಾ ಕಣ್ಣು ಇದ್ದೂ ಏನು ನೋಡಬೇಕು ಅಂತ ತಿಳಿಯಂಗಿಲ್ಲ."

ಅವಳ ಕಣ್ಣು ತುಂಬಿಬಂತು. ಸೀರೆ ನೋಡಲು ಬಂದಿದ್ದ ಹೆಂಗಸರು ಸೀರೆ ಮರೆತು ಇವರನ್ನೇ ನೋಡುತ್ತಿದ್ದರು. ಕಾಕಾ ಗಂಟಲು ಸರಿಮಾಡಿಕೊಂಡು, ಇಷ್ಟು ದಿನ ಬಣ್ಣ ಸರಿ ಬಂದದ್ದು ನಮ್ಮ ಹುಡುಗಿಯ ಕಣ್ಣಿನಿಂದ, ಆ ಕಣ್ಣು ಎಲ್ಲಿರುತ್ತದೋ ಆರ್ಡರ್ ಅಲ್ಲಿ ಎಂದು ಹೇಳಿ ಗಲ್ಲಾಪೆಟ್ಟಿಗೆಯ ಕಡೆಗೆ ತಿರುಗಿ ಕೂತರು. ದೊಡ್ಡ ಮನುಷ್ಯರು ಅವರು.

"ಮಿರಜದವರಿಗೆ ನಾ ಇನ್ನೂ ಹೂಂ ಅಂದಿಲ್ಲ," ಎಂದಳು ಹೇಮಾಂಗಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಅಪ್ಪನ ಹತ್ರ ಮಾತಾಡಾಕ ಯಾವಾಗ ಬರ್ತೀರಿ?"

"ಈಗ ಬರ್ತೀನಿ."

"ಈ ಅಂಗಿ ಹಾಕ್ಕೊಂಡು ಬ್ಯಾಡ."

"ಯಾಕ, ಬೂದಿ ಬಣ್ಣ ಹಿರಿಯರ ಮುಂದ ಶೋಭಿಸಂಗಿಲ್ಲೇನು?"

ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಹೇಮಾಂಗಿಗೆ ನಗು ಅಳು ಎರಡೂ ಒಟ್ಟಿಗೇ ಬಂದವು.

"ಗುಲಾಬಿ ಅದರೀ ಅದು."

ಅವನು ತನ್ನ ಎದೆಯನ್ನೇ ಬಗ್ಗಿ ನೋಡಿಕೊಂಡ. ತಂಗಿ ಹೋದಮೇಲೆ ತಾನೇ ಹೋಗಿ ಆರಿಸಿ ತಂದ ಮೊದಲ ಅಂಗಿ ಅದು. ಇಡೀ ಗಲ್ಲಿಯಲ್ಲಿ ಒಬ್ಬರಾದರೂ ಹೇಳಬಾರದಿತ್ತೇ?

"ಮನಿಗೆ ಹೋಗಿ ನಿಮ್ಮ ಅಂಗಿ ಎಲ್ಲಾ ತಗೊಂಡು ಬರ್ರಿ," ಎಂದಳು ಅವಳು. "ಯಾವುದು ಯಾವ ಬಣ್ಣ ಅಂತ ನಾ ಹೇಳ್ತೀನಿ."