ಒಂದು ಗೇಣು ಜಾಗ

ಘಾಜಿಯಾಬಾದಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಾದರೂ ಕಾರು ಹಿಂದಕ್ಕೆ ತೆಗೆಯುವಾಗ ಎಲ್ಲರೂ “ಆನೇ ದೋ” ಎನ್ನುತ್ತಾರೆ. ಅದನ್ನೇ ಕನ್ನಡದಲ್ಲಿ “ಬರಲಿ, ಬರಲಿ” ಎನ್ನುತ್ತಿದ್ದವರು ನನ್ನ ಗಂಡ ಚಂದ್ರಮೋಹನ ಒಬ್ಬರೇ. ಸಾಕು ಎನ್ನುವಾಗ ಡಿಕ್ಕಿಯ ಮೇಲೆ ಎರಡು ಸಲ ತಟ್ಟುತ್ತಿದ್ದರು. ನನಗೆ ರಿವರ್ಸ್ ಕಲಿಸಿ ಮುಗಿಸುವ ಮೊದಲೇ ಹೋಗಿಬಿಟ್ಟರು.

ಅವರ ವರ್ಷಾಂತಿಕ ಕಳೆದ ಮೇಲೆ, ಮೇ ತಿಂಗಳ ಒಂದು ಮಧ್ಯಾಹ್ನ, ನಾನೊಬ್ಬಳೇ ಕಾರು ತೆಗೆದೆ. ಗೋಡೆಯತ್ತ ಹಿಂದೆ ಹೋಗುವಾಗ ಎಂದಿನಂತೆ ಸ್ಟಿಯರಿಂಗ್ ಉಲ್ಟಾ ತಿರುಗಿಸಿದೆ.

“ಆ ಕಡೆ ಅಲ್ಲ, ಮನೋರಮಾ. ಹಾಂ, ಈಗ ಬರಲಿ, ಬರಲಿ.”

ಹಿಂದಿನಿಂದ ಎರಡು ಸಲ ತಟ್ಟಿದ ಸದ್ದು. ಇಳಿದು ನೋಡಿದೆ. ಗೋಡೆಗೂ ಕಾರಿಗೂ ನಡುವೆ ಇದ್ದದ್ದು ಒಂದು ಗೇಣು ಜಾಗ. ಡಿಕ್ಕಿಯ ದೂಳಿನ ಮೇಲೆ ಅಂಗೈ ಗುರುತಿತ್ತು. ಬಿಸಿಲಿಗೆ ಕಾರೆಲ್ಲ ಸುಡುತ್ತಿದ್ದರೂ ಅಲ್ಲಿ ಮಾತ್ರ ತಣ್ಣಗಿತ್ತು.

ಈಗ ನನಗೆ ರಿವರ್ಸ್ ಸಲೀಸು. ಆದರೂ ದಿನವೂ ಬೇಕೆಂದೇ ಉಲ್ಟಾ ತಿರುಗಿಸಿ ಕಾಯುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ.

ಹೋದ ವಾರ ಕೆಲಸಕ್ಕೆ ಸೇರಿದ ವಾಚ್‌ಮನ್ ನಿನ್ನೆ ನನ್ನನ್ನು ಗೇಟಿನಲ್ಲಿ ನಿಲ್ಲಿಸಿ ಒಂದು ಮಾತಿನ ಅರ್ಥ ಕೇಳಿದ: “ಮೇಡಂಜೀ, ‘ಬರಲಿ’ ಮತ್ಲಬ್ ಕ್ಯಾ?”